ಮಗ್ಗದ ಶೆಡ್ಡಿನಲ್ಲಿ ಎರಡು ಬಾಗಿಲಿನ ಕಾರು

ನನ್ನ ಅಣ್ಣ ಬನಹಟ್ಟಿಯಲ್ಲಿ ಸೀರೆ ನೇಯಿಸಿ ಮಾರುವವನು. ಗಂಟೆಗೆ ಅರವತ್ತು ಕಿಲೋಮೀಟರಿಗಿಂತ ಜೋರಾಗಿ ಅವನು ಗಾಡಿ ಓಡಿಸಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಅಂಥವನು ಮೂರು ವರ್ಷದ ಹಿಂದೆ ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗಿದ್ದ, ಕಡುನೀಲಿ ಬಣ್ಣದ ಸ್ಪೋರ್ಟ್ಸ್ ಕಾರು ಕೊಂಡ. ಕೊಂಡದ್ದು ಓಡಿಸಲಿಕ್ಕಲ್ಲ, ಇಡಲಿಕ್ಕೆ.

"ತಂಗಿ, ಒಂದ ಇನ್ವೆಸ್ಟ್‌ಮೆಂಟ್ ಮಾಡೀನಿ. ರವಿವಾರ ಬಂದ ನೋಡು" ಎಂದು ಫೋನಿನಲ್ಲಿ ಹೇಳಿದ. ನಾನು ಜಮಖಂಡಿಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತೇನೆ. ಮನೆಯಲ್ಲಿ ಯಾರು ಯಾವುದಕ್ಕೆ ಹಣ ಹಾಕಿದರೂ ನನಗೊಂದು ಮಾತು ಕೇಳುವುದು ವಾಡಿಕೆ, ಕೇಳಿದ ಮೇಲೆ ತಮಗೆ ಬೇಕಾದದ್ದನ್ನೇ ಮಾಡುವುದೂ ವಾಡಿಕೆ. ಈ ಸಲ ಅವನು ಮಾಡಿ ಮುಗಿಸಿಯೇ ಕೇಳಿದ್ದ.

ಕಾರಣ ಇಲ್ಲದಿರಲಿಲ್ಲ. ಬೀಳಗಿಯ ಕಡೆ ನಮ್ಮ ಅಪ್ಪನದು ಎಂಟು ಎಕರೆ ಕರಿಭೂಮಿ ಇತ್ತು. "ಹೊಲ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಅಪ್ಪ ಹೇಳುತ್ತಿದ್ದರು. ಹೊಲ ಓಡಿ ಹೋಗಲಿಲ್ಲ, ನದಿಯೇ ಅದರ ಮೇಲೆ ಬಂತು. ಆ ಎಂಟೂ ಎಕರೆ ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಪರಿಹಾರ ಬಂತು, ಆದರೆ ಅಣ್ಣನಿಗೆ ಭೂಮಿಯ ಮೇಲಿದ್ದ ಭರವಸೆ ಹೋಯಿತು. ಬಂಗಾರ ವೈನಿಯ ಖಾತೆ, ಅಂದರೆ ಅವನ ಹೆಂಡತಿಯದು. ಅದಕ್ಕೆ ಅವನು ಕೈ ಹಾಕುವಂತಿರಲಿಲ್ಲ. ಉಳಿದದ್ದು ಈ ಕಾರು.

"ಇನ್ನ ಮ್ಯಾಲ ಎಲ್ಲಾ ಕರೆಂಟಿನ ಗಾಡಿ" ಎಂದು ಅವನು ನನಗೆ ತಿಳಿಸಿ ಹೇಳಿದ. "ಗೇರ್ ಅನ್ನೋದ ಇರಂಗಿಲ್ಲ. ಇಂಥಾವನ್ನ ಕಂಪನಿಯವರು ಸ್ವಲ್ಪ ಮಾಡಿ ಬಂದ್ ಮಾಡ್ಯಾರ. ನಿನ್ನ ಕ್ಲಾಸಿನ್ಯಾಗ ಕುಂದರೋ ಹುಡುಗೂರು ಇದರ ಫೋಟೋ ಮೊಬೈಲಿನ್ಯಾಗ ಇಟ್ಕೊಂಡಾರ. ಅವರಿಗೆ ನಲವತ್ತೈದ ಆಗಿ, ಕೈಯಾಗ ರೊಕ್ಕ ಆಡಾಕ ಹತ್ತಿದಾಗ, ಸಣ್ಣವರಿದ್ದಾಗ ಸಿಗಲಾರದ್ದನ್ನ ಹುಡುಕ್ಕೊಂಡ ಬರ್ತಾರ. ಅವಾಗ ನನ್ನ ಕಡೆ ಇರ್ತೈತಿ."

ಈ ವಾದವನ್ನು ತೆಗೆದುಹಾಕುವುದು ಸುಲಭವಿರಲಿಲ್ಲ. ಆದರೂ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ಸಣ್ಣ ಲೆಕ್ಕ ಮಾಡಿ ತೋರಿಸಿದೆ. ಬ್ಯಾಂಕಿನಲ್ಲಿಟ್ಟಷ್ಟಾದರೂ ಲಾಭ ಬರಬೇಕೆಂದರೆ ಇಪ್ಪತ್ತು ವರ್ಷದಲ್ಲಿ ಕಾರಿನ ಬೆಲೆ ನಾಲ್ಕು ಪಟ್ಟಾಗಬೇಕಿತ್ತು. ವಿಮೆಯ ಖರ್ಚು ಬೇರೆ. ಅವನು ಹಾಳೆಯನ್ನು ನೋಡಿ ಮಡಚಿ ಜೇಬಿಗೆ ಹಾಕಿಕೊಂಡ.

"ಬ್ಯಾಂಕಿನ ಡಿಪಾಜಿಟ್ಟ ನೋಡಾಕ ಯಾರರ ಬಂದಾರೇನು? ಇದನ್ನ ನೋಡಾಕ ಮುಧೋಳದಿಂದ ಮಂದಿ ಬಂದಿದ್ರು" ಎಂದ.

ಕಾರಿಗೆ ಮನೆಯ ಹಿಂದಿನ ಮಗ್ಗದ ಶೆಡ್ಡಿನ ಪಕ್ಕದ ಕೋಣೆ ಖಾಲಿಯಾಯಿತು. ಅಣ್ಣ ತನ್ನದೇ ಮಗ್ಗದ ಹತ್ತಿಬಟ್ಟೆಯಲ್ಲಿ ಅದಕ್ಕೊಂದು ಮುಸುಕು ಹೊಲಿಸಿದ. ಕೆಂಪು ಅಂಚಿದ್ದ ಆ ಮುಸುಕು ಹೊದ್ದು ಕಾರು ಮದುವಣಗಿತ್ತಿಯ ಹಾಗೆ ಕುಳಿತಿರುತ್ತಿತ್ತು. ವೈನಿ ಸೀಟುಗಳ ಕೆಳಗೆ ನುಸಿಗುಳಿಗೆ ಇಟ್ಟಳು. ಬಾಗಿಲು ತೆಗೆದರೆ ಸೀರೆಯ ಟ್ರಂಕಿನ ವಾಸನೆ ಬರುತ್ತಿತ್ತು.

ಮೊದಲ ತೊಂದರೆ ಕಾರು ಬಂದ ಮರುದಿನ ಬೆಳಿಗ್ಗೆಯೇ ಬಂತು. ಏಳಕ್ಕೆ ಮಗ್ಗಗಳು ಶುರುವಾದವು, ನೆಲ ಅದುರಿತು, ಕಳ್ಳರು ಬಂದರೆಂದು ತಿಳಿದ ಕಾರು ಬೊಬ್ಬೆ ಹೊಡೆಯತೊಡಗಿತು. ಹದಿನಾರು ಮಗ್ಗಗಳ ಸದ್ದನ್ನೂ ಮೀರಿಸಿತು. ಆಮೇಲೆ ದಿನಾ ಇದೇ ಆಯಿತು. ನೇಕಾರರಲ್ಲಿ ಹಿರಿಯಳಾದ ಹೆಂಗಸೊಬ್ಬಳು ಒಳಗೆ ಬಂದು, "ಸಾವಕಾರ್ರ, ನಿಮ್ಮ ಕೂಸು ಎದ್ದೈತಿ ನೋಡ್ರಿ" ಎಂದು ಹೇಳಿ ಹೋಗುತ್ತಿದ್ದಳು. ಅಣ್ಣ ಗಾಲಿಗಳ ಕೆಳಗೆ ರಬ್ಬರ್ ಹಾಸಿದ, ಅದರ ಮೇಲೆ ಗೋಣಿಚೀಲ ಹಾಸಿದ. ಕೊನೆಗೆ ಆ ಸೈರನ್ನನ್ನೇ ಬಂದ್ ಮಾಡಿಸಿದ.

ಎಂಟು ತಿಂಗಳಾದ ಮೇಲೆ ಒಂದು ದಿನ ಕಾರಿನ ಬಾಗಿಲೇ ತೆರೆಯಲಿಲ್ಲ. ನಾನು ಜಮಖಂಡಿಯಿಂದ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಹೋದೆ. ಎಪ್ಪತ್ತು ದಾಟಿದವರು. ದೊಡ್ಡ ಮನೆತನಗಳ ಹಳೆಯ ಕಾರುಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದ ಕೈ. ಕೀಲಿಯಿಂದ ಹೇಗೋ ಬಾಗಿಲು ತೆಗೆದರು. ಬ್ಯಾಟರಿ ಪೂರ್ತಿ ಸತ್ತಿತ್ತು. ಒಂದೇ ಕಡೆ ನಿಂತು ನಿಂತು ಗಾಲಿಗಳ ತಳ ಚಪ್ಪಟೆಯಾಗಿತ್ತು. ಮಿಸ್ತ್ರಿ ಸುತ್ತ ಎರಡು ಸಲ ಅಡ್ಡಾಡಿ, ಬಗ್ಗಿ, ಎಂಜಿನ್ನಿನೊಳಗೆ ಬಹಳ ಹೊತ್ತು ನೋಡಿದರು.

"ಗಾಡಿ ಖರೇನ ಛಲೋ ಐತ್ರಿ" ಎಂದರು. "ಆದ್ರ ಇಪ್ಪತ್ತ ವರ್ಷದ ಮಾತು ನನಗ ತಿಳೀವಲ್ದು."

"ಯಾಕ್ರಿ? ನೀವ ರಿಪೇರಿ ಮಾಡಿದ ಕಾರು ಎಂಬತ್ತ ವರ್ಷ ಆದ್ರೂ ಓಡಾಕತ್ತಾವಲ್ಲ" ಎಂದ ಅಣ್ಣ.

"ಅವು ಓಡಾಕತ್ತಾವು, ಯಾಕಂದ್ರ ಒಂದ ಸಾಮಾನ ಮುರೀತಂದ್ರ ನಾನ ಲೇಥಿನ ಮ್ಯಾಲ ಮಾಡಿ ಹಾಕ್ತಿದ್ದೆ. ಇದರಾಗ ನೋಡ್ರಿ, ಎಲ್ಲಿ ಮುಟ್ಟಿದ್ರೂ ಕಂಪ್ಯೂಟರ್. ಈ ಟಿವಿ ಪರದೆ ಹೋತಂದ್ರ ಎಲ್ಲಿಂದ ತರ್ತೀರಿ? ಲೇಥಿನ ಮ್ಯಾಲ ಪರದೆ ಮಾಡಾಕ ಬರಂಗಿಲ್ರಿ."

ಹೋಗುವಾಗ ಮಿಸ್ತ್ರಿ ಒಂದು ಉಪಾಯ ಹೇಳಿದರು. "ವಾರಕ್ಕೊಮ್ಮಿ ಹೊರಗ ಒಯ್ರಿ. ನಿಂತ ಗಾಡಿ ಓಡೋ ಗಾಡಿಗಿಂತ ಲಗೂ ಕೆಡ್ತೈತಿ."

ಹೊರಗೆ ಒಯ್ಯಬೇಕಾದವನು ಅಣ್ಣ. ಅಷ್ಟರಲ್ಲಿ ಅವನ ಎಡ ಮೊಣಕಾಲಿನ ಆಪರೇಷನ್ ಆಯಿತು. ಆರು ತಿಂಗಳು ಕ್ಲಚ್ ತುಳಿಯಬಾರದೆಂದು ಡಾಕ್ಟರು ಹೇಳಿದರು. ಹಾಸಿಗೆಯ ಮೇಲೆ ಕಾಲು ಚಾಚಿಕೊಂಡೇ ಅವನು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲಿ ತೂಗಿ ನೋಡಿರಬೇಕು. ಕೊನೆಗೆ ನನಗೆ ಕೀಲಿ ಕೊಟ್ಟ.

"ನೀ ನಿಧಾನ ಓಡಸ್ತಿ. ಹತ್ತ ಕಿಲೋಮೀಟರ್ ತಿರಗಿಸಿ ತಂದ ನಿಲ್ಲಿಸು, ಅಷ್ಟ ಸಾಕು."

ನನ್ನ ಹಳೆಯ ಸಣ್ಣ ಕಾರು ಎಂಬತ್ತರ ಮೇಲೆ ನಡುಗುತ್ತದೆ, ಅದಕ್ಕೇ ನಾನು ನಿಧಾನ ಓಡಿಸುತ್ತಿದ್ದೆ. ಅದು ನನ್ನ ಸ್ವಭಾವವೆಂದು ಅಣ್ಣ ತಿಳಿದಿದ್ದ. ನಿಜ ಹೇಳಬೇಕೆಂದರೆ, ನಾನೂ ಹಾಗೇ ತಿಳಿದಿದ್ದೆ.

ಮೊದಲ ರವಿವಾರ ಊರು ದಾಟುವುದರಲ್ಲೇ ಬೆವರು ಬಂತು. ಪ್ರತಿಯೊಂದು ಉಬ್ಬಿನ ಮೇಲೂ ಕಾರನ್ನು ಓರೆಯಾಗಿ, ಒಂದೊಂದೇ ಗಾಲಿಯನ್ನು ಹತ್ತಿಸಿ ಇಳಿಸಬೇಕಿತ್ತು. ಹಿಂದಿನವರು ಹಾರ್ನ್ ಹೊಡೆದರು. ಸಮೀರವಾಡಿಯ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರು, ಒಳಗಿನಿಂದ ಹಾಡು. ಅವುಗಳ ಹಿಂದೆ ನಾನು ಎತ್ತಿನ ಬಂಡಿಯ ವೇಗದಲ್ಲಿ ಹೋದೆ. ಒಂದು ಕಡೆ ಎದುರಿನ ರಸ್ತೆ ಖಾಲಿ ಕಂಡಿತು. ಗೇರ್ ಎರಡಕ್ಕೆ ಇಳಿಸಿ ಕಾಲೊತ್ತಿದೆ.

ಬೆನ್ನು ಸೀಟಿಗೆ ಅಂಟಿತು. ನಾಲ್ಕು ಟ್ರ್ಯಾಕ್ಟರು ಎಂಟು ಟ್ರೇಲರು ಯಾವಾಗ ಹಿಂದೆ ಹೋದವೋ ಗೊತ್ತಾಗಲಿಲ್ಲ. ಮೂರನೇ ಗೇರ್ ಹಾಕಿದಾಗ ಕೈಗೆ ಟಕ್ಕೆಂದು ಸಿಕ್ಕ ಆ ಸಣ್ಣ ಪೆಟ್ಟು, ಕಷ್ಟದ ಲೆಕ್ಕವೊಂದನ್ನು ಬಿಡಿಸಿದಾಗ ಆಗುವ ಸಂತೋಷಕ್ಕೆ ಬಹಳ ಹತ್ತಿರದ್ದು. ಐವತ್ತಮೂರನೇ ವಯಸ್ಸಿನಲ್ಲಿ ನಾನು ಒಬ್ಬಳೇ ಕುಳಿತು ಜೋರಾಗಿ ನಕ್ಕೆ.

ಹತ್ತು ಕಿಲೋಮೀಟರು ಮುಂದಿನ ವಾರ ಇಪ್ಪತ್ತೈದಾಯಿತು, ಆಮೇಲೆ ಜಮಖಂಡಿ ದಾಟಿ ಹುನ್ನೂರಿನವರೆಗೆ ಹೋಯಿತು. ಅಣ್ಣ ಕೋಲೂರಿಕೊಂಡು ಬಂದು ಮೀಟರು ನೋಡುತ್ತಿದ್ದ.

"ಹತ್ತ ಅಂದಿದ್ದೆ. ಎಪ್ಪತ್ತ ಆಗೈತಿ."

"ಬ್ಯಾಟರಿ ಛಂದಂಗ ತುಂಬಲಿ ಅಂತ" ಎನ್ನುತ್ತಿದ್ದೆ.

"ಮೀಟರ್ ಏರಿದಷ್ಟ ರೇಟ್ ಇಳೀತೈತಿ, ಗೊತ್ತಿಲ್ಲೇನು?" ಎಂದು ಅವನು ಗೊಣಗುತ್ತಿದ್ದ, ಆದರೆ ಕೀಲಿ ವಾಪಸ್ಸು ಕೇಳುತ್ತಿರಲಿಲ್ಲ.

ಒಂದು ರವಿವಾರ ಚಿಕ್ಕಪಡಸಲಗಿಯ ಬ್ಯಾರೇಜಿನ ತನಕ ಹೋಗಿ ನೀರು ನೋಡುತ್ತ ನಿಂತಿದ್ದೆ. ರುಮಾಲು ಸುತ್ತಿದ ರೈತರೊಬ್ಬರು ಕಾರನ್ನು ಸುತ್ತಿ ನೋಡಿ, "ಎಷ್ಟ ಕೊಡ್ತೈತ್ರಿ?" ಎಂದು ಕೇಳಿದರು.

"ಲೀಟರಿಗೆ ಹತ್ತು."

"ಎಷ್ಟ ಮಂದಿ ಕುಂದರ್ತಾರ?"

"ಮುಂದ ಇಬ್ಬರು. ಹಿಂದ ಇಬ್ಬರು ಕಾಲ ಮಡಚಿ ಕುಂತ್ರ."

ಅವರು ಸ್ವಲ್ಪ ಯೋಚಿಸಿದರು. "ಮತ್ತ ಯಾಕ ತಗೊಂಡೀರಿ?"

"ಕುಂದರ್ರಿ, ತೋರಸ್ತೀನಿ" ಎಂದೆ. ಖಾಲಿ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗಿ ತಿರುಗಿ ಬಂದೆವು. ಇಳಿದ ಮೇಲೆ ಅವರು ರುಮಾಲು ಸರಿಮಾಡಿಕೊಂಡು, "ಆತು, ತಿಳೀತು ಬಿಡ್ರಿ" ಎಂದು ತಮ್ಮ ದಾರಿ ಹಿಡಿದರು.

ಕಳೆದ ವರ್ಷ ಕೊಲ್ಲಾಪುರದಿಂದ ಕೊಳ್ಳುವವನೊಬ್ಬ ಬಂದ. ಮೂವತ್ತೈದರ ಆಸುಪಾಸಿನ ವ್ಯಾಪಾರಿ, ಅಣ್ಣ ಫೋನಿನ ಗುಂಪೊಂದರಲ್ಲಿ ಹಾಕಿದ್ದ ಫೋಟೋ ನೋಡಿ ಹುಡುಕಿಕೊಂಡು ಬಂದಿದ್ದ. ಮರಾಠಿ ಬೆರೆಸಿದ ಕನ್ನಡದಲ್ಲಿ ಬಿಲ್ಲು ಕೇಳಿದ, ಎರಡನೆಯ ಕೀಲಿ ಕೇಳಿದ, ಬಣ್ಣದ ಮೇಲೆ ಟಾರ್ಚ್ ಹಿಡಿದು ನೋಡಿದ. ಇಂಥ ಕಾರು ಕೊಂಡವರಲ್ಲಿ ಬಹಳ ಜನ ಎಲ್ಲೋ ಗುದ್ದಿ ಹಾಳು ಮಾಡಿಕೊಂಡಿದ್ದಾರೆ, ಇಷ್ಟು ಅಚ್ಚುಕಟ್ಟಾಗಿ ಇಟ್ಟವರು ಕಡಿಮೆ ಎಂದ. ಅಣ್ಣ ಕೊಟ್ಟಿದ್ದಕ್ಕಿಂತ ಹೆಚ್ಚಿನ ಬೆಲೆ ಹೇಳಿದ. ಮೀಟರನ್ನು ನೋಡಿ, ಇದು ಇನ್ನೂ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಕೊಡುತ್ತಿದ್ದೆ ಎಂದೂ ಸೇರಿಸಿದ. ನಾನು ಛಾವಣಿಯ ಕಡೆ ನೋಡಿದೆ.

"ನೀವು ಇದನ್ನ ಓಡಸ್ತೀರೇನ್ರಿ?" ಎಂದು ಅಣ್ಣ ಕೇಳಿದ.

"ಛೇ, ಇಂಥಾದ್ದನ್ನ ಯಾರ ಓಡಸ್ತಾರ್ರಿ? ಮನ್ಯಾಗ ಇನ್ನೂ ನಾಲ್ಕ ಅದಾವ. ಎಲ್ಲಾ ಏಸಿ ಗೋದಾಮಿನ್ಯಾಗ ಇಟ್ಟೀನಿ."

ನಾಳೆ ತಿಳಿಸುವುದಾಗಿ ಹೇಳಿ ಅಣ್ಣ ಅವನನ್ನು ಕಳಿಸಿದ. ಇಪ್ಪತ್ತು ವರ್ಷ ಹಿಡಿಯುತ್ತದೆ ಅಂದುಕೊಂಡಿದ್ದು ಎರಡೇ ವರ್ಷದಲ್ಲಿ ಆಗಿತ್ತು. ಅವನ ಮುಖ ಅರಳಿತ್ತು. ಆದರೆ ಚಹಾ ಕುಡಿದ ಮೇಲೆ, "ನನ್ನ ಒಮ್ಮಿ ಕರಕೊಂಡ ಹೋಗು. ನಾ ಇದರಾಗ ಛಂದಂಗ ಕುಂತಿಲ್ಲ" ಎಂದ.

ಖರೆ, ಶೋರೂಮಿನಿಂದ ತಂದ ದಿನ ಬಿಟ್ಟರೆ ಅವನು ಅದರಲ್ಲಿ ಕುಳಿತೇ ಇರಲಿಲ್ಲ. ವೈನಿಯೂ ನಾನೂ ಹಿಡಿದು ಅವನನ್ನು ಆ ತಗ್ಗಿನ ಸೀಟಿನಲ್ಲಿ ಇಳಿಸಿದೆವು. ಊರು ದಾಟಿದ ಮೇಲೆ ನಾನು ನನ್ನ ಮಾಮೂಲಿನಂತೆ ಓಡಿಸಿದೆ. ಅವನು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡ. ಐದಾರು ನಿಮಿಷಕ್ಕೆ ಆ ಕೈ ಸಡಿಲಾಯಿತು.

"ಇಷ್ಟ ಜೋರ ಹೋದ್ರೂ ಅಂಜಿಕಿ ಬರವಲ್ದು" ಎಂದ. ಸ್ವಲ್ಪ ಹೊತ್ತಾದ ಮೇಲೆ, "ನೀ ಹಿಂಗ ಓಡಸಾಕ ಯಾವಾಗ ಕಲ್ತಿ?"

"ನಿನ್ನ ರವಿವಾರದಾಗ."

ಅವನು ನಕ್ಕ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಮಾರಲ್ಯೋ ಬ್ಯಾಡೋ? ನೀ ಹೇಳು. ನೀ ಬ್ಯಾಡ ಅಂದ್ರ ಮಾರಂಗಿಲ್ಲ."

ಬೇಡ ಎನ್ನಲು ಬಾಯಿ ತೆರೆದಿದ್ದೆ. ಆದರೆ ಜೀವನದುದ್ದಕ್ಕೂ ಯಾವ ವಿಷಯದಲ್ಲೂ ನನ್ನ ಮಾತು ಕೇಳದವನು ಮೊದಲ ಸಲ ಕೇಳುತ್ತೇನೆ ಎಂದಿದ್ದ. ಅವನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮಿಸ್ತ್ರಿ ಹೇಳಿದ ಪರದೆ ಎಂದಾದರೂ ಕೆಡುವುದೇ. ಇವತ್ತು ಬಯಸಿ ಬಂದವನು ಹತ್ತು ವರ್ಷದ ಮೇಲೆ ಇನ್ನೊಂದನ್ನು ಬಯಸಬಹುದು. ಅಣ್ಣನ ಮೊಣಕಾಲು ಈ ಸೀಟಿಗೆ ಒಗ್ಗುವುದೂ ಇಲ್ಲ.

"ಮಾರು" ಎಂದೆ. ಹೇಳಿದ ಮೇಲೆ ಉಳಿದ ದಾರಿಯೆಲ್ಲ ನಾನು ಅರವತ್ತು ದಾಟಲಿಲ್ಲ.

ಎರಡು ದಿನದಲ್ಲಿ ಲಾರಿ ಬಂತು. ಕಾರನ್ನು ಹಗ್ಗ ಕಟ್ಟಿ ಮೇಲೆಳೆದುಕೊಂಡರು. ನೇಕಾರರು ಮಗ್ಗ ನಿಲ್ಲಿಸಿ ಬಂದು ನೋಡಿದರು. ಲಾರಿ ತಿರುವಿನಲ್ಲಿ ಮರೆಯಾದಾಗ, ಕಾರಿಗಾಗಿ ಅತ್ತರೆ ಮಂದಿ ಏನಂದಾರು ಎಂದು ಒಳಗೆ ಹೋಗಿ ನೀರು ಕುಡಿದೆ.

ವಿಮೆ, ತೆರಿಗೆ, ಹೊಸ ಬ್ಯಾಟರಿ, ಗಾಲಿಗಳ ಖರ್ಚನ್ನೆಲ್ಲ ಕಳೆದು ನೋಡಿದಾಗ ಬ್ಯಾಂಕಿನಲ್ಲಿಟ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಅಣ್ಣನಿಗೆ ಸ್ವಲ್ಪ ನಿರಾಸೆಯಾಯಿತು.

"ಅಷ್ಟ ಹಾರ್ಯಾಡಿದ್ದಕ್ಕ ಬಡ್ಡಿ ಅಷ್ಟ ಗಿಟ್ಟಿತು" ಎಂದ.

"ಬಡ್ಡಿ ನಿನಗ ಗಿಟ್ಟಿದ್ದು. ಅದರ ಮ್ಯಾಲಿಂದು ಎಲ್ಲಾ ನಾ ತಿಂದೀನಿ" ಎಂದೆ. ಅವನು ಅದನ್ನು ಒಪ್ಪಿಕೊಂಡ.

ಈಗ ಯಾರಾದರೂ ಇಂಥ ಕಾರುಗಳ ಮೇಲೆ ಹಣ ಹಾಕಬಹುದೇ ಎಂದು ನನ್ನನ್ನು ಕೇಳಿದರೆ, ಹಾಕಿ, ಆದರೆ ಕೀಲಿಯನ್ನು ಮನೆಯಲ್ಲಿ ಯಾರಿಗಾದರೂ ಕೊಡಿ ಎನ್ನುತ್ತೇನೆ. ಬೆಲೆ ಏರಬಹುದು, ಏರದಿರಲೂಬಹುದು. ಅದು ನಮ್ಮ ಕೈಯಲ್ಲಿಲ್ಲ.

ಕಾರು ಹೋದ ಮೇಲಿನ ಮೊದಲ ರವಿವಾರ ನಾನು ಬನಹಟ್ಟಿಗೆ ಹೋಗುವವಳಿರಲಿಲ್ಲ. ವೈನಿ ತಾನೇ ಫೋನ್ ಮಾಡಿದಳು. "ಗಾಡಿ ಹೋತಂತ ಬರೂದ ಬಿಡಬ್ಯಾಡ್ರಿ. ನನಗ ಕಲಿಸ್ರಿ" ಎಂದಳು. ಐವತ್ತೆಂಟು ವರ್ಷ ವಯಸ್ಸು, ಸೈಕಲ್ಲನ್ನೂ ತುಳಿದವಳಲ್ಲ. ಶೆಡ್ಡಿನ ಹಿಂದಿನ ಬಯಲಿನಲ್ಲಿ ನನ್ನ ಹಳೆಯ ಕಾರಿನಲ್ಲಿ ಅವಳನ್ನು ಕೂರಿಸಿದೆ. ಕ್ಲಚ್ ಬಿಟ್ಟಾಗಲೆಲ್ಲ ಕಾರು ಜಿಗಿದು ನಿಂತುಬಿಡುತ್ತಿತ್ತು. ಏಳು ಸಲ ಹಾಗಾಯಿತು. ಎಂಟನೆಯ ಸಲ ಮೆಲ್ಲಗೆ ಮುಂದೆ ಸರಿಯಿತು. ವೈನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಯಲಿನ ಸುತ್ತ ಒಂದು ಸುತ್ತು ಹಾಕಿದಳು, ಎರಡನೇ ಗೇರ್ ಹಾಕಿ ಇನ್ನೊಂದು ಸುತ್ತು ಹಾಕಿದಳು. ಕಟ್ಟೆಯ ಮೇಲೆ ಕುಳಿತ ಅಣ್ಣ ನಿಧಾನ ಎಂದು ಕೈ ಮಾಡುತ್ತಿದ್ದ. ಅವಳು ಆ ಕಡೆ ನೋಡಲಿಲ್ಲ.