ಸ್ಕರ್ಟಿನ ಮೇಲಿನ ಗೆರೆ

ನಮ್ಮ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರ ಸಂಘದಲ್ಲಿ ನನಗೆ ಸಿಕ್ಕಿದ್ದು ತಿಂಡಿಯ ಖಾತೆ. ಡಾಕ್ಟರಾದವರು, ವಕೀಲರಾದವರು ನಿಧಿ ಸಮಿತಿಯಲ್ಲಿದ್ದರು. ಮನೆಯಲ್ಲೇ ಇರುವವಳಿಗೆ ಎಷ್ಟು ಜನಕ್ಕೆ ಎಷ್ಟು ಗಿರ್ಮಿಟ್ಟು ಬೇಕೆಂಬುದಾದರೂ ತಿಳಿದಿರುತ್ತದೆ ಎಂದು ಅವರ ಅಂದಾಜು. ತಪ್ಪೇನಲ್ಲ, ತಿಳಿದಿತ್ತು.

ಶಾಲೆಗೊಂದು ಶಾಶ್ವತ ನಿಧಿ, ಅದರ ಬಡ್ಡಿಯಲ್ಲಿ ವರ್ಷವರ್ಷವೂ ಕೆಲವು ಹುಡುಗಿಯರ ಫೀ. ಯೋಜನೆ ಒಳ್ಳೆಯದೇ. ಹಣವೂ ಬೇಗನೆ ಕೂಡಿತು. ತಡವಾದದ್ದು ಗ್ರಾನೈಟ್ ಫಲಕಕ್ಕೆ. ಕೊಟ್ಟವರ ಹೆಸರನ್ನು ಯಾವ ಕ್ರಮದಲ್ಲಿ ಕೆತ್ತಿಸಬೇಕೆಂದು ಮೂರು ಸಭೆ, ಮೂರು ಸಲ ಗಿರ್ಮಿಟ್ಟು. ತವರಿನ ಅಡ್ಡಹೆಸರೋ ಗಂಡನದೋ ಎಂಬುದಕ್ಕೇ ಒಂದು ಸಭೆ ಪೂರ್ತಿ ಹೋಯಿತು. ಗುಪ್ತದಾನ ಮಾಡಿದವಳೊಬ್ಬಳು ಫೋನು ಮಾಡಿ, ‘ಗುಪ್ತದಾನಿ’ ಎಂಬ ಅಕ್ಷರಗಳು ಉಳಿದವರ ಹೆಸರಿಗಿಂತ ಸಣ್ಣದಾಗದಂತೆ ನೋಡಿಕೊಳ್ಳಲು ಹೇಳಿದಳು.

ಆಮೇಲೆ ಸಮಾರಂಭದ ರೂಪರೇಷೆ ವಾಟ್ಸ್ಯಾಪಿನಲ್ಲಿ ಬಂತು. ಒಂದೇ ತರಗತಿಯಿಂದ ಆಯ್ಕೆಯಾದ ನಾಲ್ಕು ಹುಡುಗಿಯರು ವೇದಿಕೆಗೆ ಬಂದು ತಮ್ಮಷ್ಟೇ ಎತ್ತರದ ರಟ್ಟಿನ ಚೆಕ್ಕು ಹಿಡಿದು ನಿಲ್ಲಬೇಕು. ‘ನನ್ನ ಬದುಕು ಹೇಗೆ ಬದಲಾಯಿತು’ ಎಂದು ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಬೇಕು. ಫೀ ಕಟ್ಟುವುದು ಸಮಾರಂಭದ ನಂತರ. ಬದುಕು ಮಾತ್ರ ಮೊದಲೇ ಬದಲಾಗಿರಬೇಕು.

ಆ ನಾಲ್ವರಲ್ಲಿ ಒಬ್ಬಳು, ಕೇಶ್ವಾಪುರದಲ್ಲಿ ನನ್ನ ಸೀರೆಗಳಿಗೆ ಫಾಲ್ ಹಚ್ಚುವಾಕೆಯ ಮಗಳು. ರಸ್ತೆ ಅಗಲ ಮಾಡುವಾಗ ತಂದೆಯ ಗ್ಯಾರೇಜು ಹೋಗಿತ್ತು. ಈ ಫೀ ಸಿಗದಿದ್ದರೆ ಹುಡುಗಿ ಒಂಬತ್ತನೇ ಇಯತ್ತೆಗೆ ನಮ್ಮ ಶಾಲೆಯಲ್ಲಿ ಇರುವಂತಿರಲಿಲ್ಲ. ಸೀರೆ ಕೊಡಲು ಹೋದಾಗ, ‘ಮಗಳು ತಯಾರಾಗ್ಯಾಳೇನು?’ ಎಂದು ಕೇಳಿದೆ.

ತುಟಿಯಲ್ಲಿ ಹಿಡಿದಿದ್ದ ಗುಂಡುಸೂಜಿ ತೆಗೆದು ಆಕೆ ಹೇಳಿದಳು: ‘ಒಲ್ಲೆ ಅಂತಾಳ್ರಿ ಅಕ್ಕಾರ. ಅಂಥಾ ಚೆಕ್ ಹಿಡಕೊಂಡು ನಿಂತ್ರ ಹತ್ತನೇತ್ತಾ ಮುಗಿಯೋತನಾ ಮಂದಿ ನನ್ನ ಚೆಕ್ ಅಂತನಾ ಕರೀತಾರ, ಬ್ಯಾರೆ ಸಾಲಿಗೆ ಹಾಕು ಅಂತಾಳ.’

‘ನೀ ಏನಂದಿ?’

‘ಏನ್ ಅನ್ಲಿರಿ. ಗಣಿತ ಅಂದ್ರ ಜೀವಾ ಬಿಡ್ತಾಳ, ಅಲ್ಲಿ ಗಣಿತದ ಟೀಚರ್ ಭಾಳ ಛಲೋ ಅದಾರ. ಆದ್ರ ಮಂದಿ ಮುಂದ ಹಂಗ ನಿಲ್ಲಸಾಕ ನನಗೂ ಮನಸಾಗವಲ್ದು.’

ಮಾತಾಡುತ್ತಲೇ ಆಕೆ ಮಗಳ ನೀಲಿ ಸ್ಕರ್ಟಿನ ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದಳು. ಹಳೆಯ ಮಡಿಕೆಯಿದ್ದಲ್ಲಿ ಸವೆದ ಗೆರೆ. ಅದರ ಕೆಳಗೆ ಬಟ್ಟೆ ಇನ್ನೂ ಕಡುನೀಲಿ.

ಆ ಗೆರೆ ನನಗೆ ಗೊತ್ತು. ನನ್ನ ಸ್ಕರ್ಟಿಗೂ ಇತ್ತು. ನಾನು ಐದನೇ ಇಯತ್ತೆಯಲ್ಲಿದ್ದಾಗ ಬಟ್ಟೆ ವ್ಯಾಪಾರಿಯ ಮಗಳೊಬ್ಬಳು ಅದನ್ನು ಬೆರಳಿಂದ ಮುಟ್ಟಿ, ‘ಇದು ಯಾರದು?’ ಎಂದಿದ್ದಳು. ಹಿಂದೆಯೇ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಿಂತಿದ್ದರು. ಅವರು ಅವಳನ್ನು ಬೈಯಲಿಲ್ಲ, ನನ್ನ ತಲೆ ಸವರಲಿಲ್ಲ. ಮುಂದಿನ ಜೂನಿನಲ್ಲಿ ಮಾತ್ರ ಒಂದು ನಿಯಮ ಬಂತು: ಎಲ್ಲರ ಸ್ಕರ್ಟಿಗೂ ನಾಲ್ಕು ಬೆರಳು ಮಡಿಕೆ, ಅದು ಪೂರ್ತಿ ಬಿಚ್ಚಿ ಮುಗಿಯುವವರೆಗೆ ಹೊಸದು ಹೊಲಿಸುವಂತಿಲ್ಲ. ಬಟ್ಟೆ ವ್ಯಾಪಾರಿಯ ಮಗಳು ಎರಡು ದಿನ ಅತ್ತಳು. ಅದರ ಮರುವರ್ಷ ಇಡೀ ತರಗತಿಯ ಸ್ಕರ್ಟುಗಳ ಮೇಲೆ ಗೆರೆ. ಸಿಸ್ಟರ್ ಹೋದ ಮೇಲೆ ಆ ನಿಯಮವೂ ಹೋಯಿತು. ನನ್ನ ಫೀ ಯಾರು ಕಟ್ಟುತ್ತಿದ್ದರೆಂದು ನನಗೆ ಈಗಲೂ ಗೊತ್ತಿಲ್ಲ. ಅಂದು ಅತ್ತವಳು ಈಗ ನಮ್ಮ ಸಂಘದ ಅಧ್ಯಕ್ಷೆ.

ನಾಲ್ಕನೆಯ ಸಭೆಯಲ್ಲಿ ತಟ್ಟೆಗಳನ್ನು ಹಂಚಿದ ಮೇಲೆ ನಾನೂ ಒಂದು ಕುರ್ಚಿ ಎಳೆದುಕೊಂಡೆ. ನಾಲ್ವರಲ್ಲಿ ನನಗೆ ಗೊತ್ತಿರುವ ಒಬ್ಬಳು ಚೆಕ್ಕು ಹಿಡಿಯಲು ಒಲ್ಲೆ ಎನ್ನುತ್ತಿದ್ದಾಳೆ ಎಂದು ಹೆಸರು ಹೇಳದೆ ತಿಳಿಸಿದೆ. ಇಡೀ ತರಗತಿಯನ್ನು ವೇದಿಕೆಗೆ ಕರೆದು ಎಲ್ಲರಿಗೂ ಒಂದೇ ಥರದ ಮುಚ್ಚಿದ ಲಕೋಟೆ ಕೊಡೋಣ. ಎಲ್ಲದರಲ್ಲೂ ಒಂದು ಪ್ರಶಸ್ತಿಪತ್ರ, ನಾಲ್ಕರಲ್ಲಿ ಮಾತ್ರ ಫೀ ಪತ್ರವೂ ಇರಲಿ ಎಂದೆ.

‘ಮತ್ತ ಯಾರಿಗೆ ಕೊಟ್ವಿ ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?’ ಎಂದಳು ಅಧ್ಯಕ್ಷೆ.

‘ಗೊತ್ತಾಗಬಾರದು ಅಂತನ ಹೇಳಾಕತ್ತೇನಿ.’

‘ಹಂಗಾರ ಕೊಟ್ಟರ ಏನು ಬಂತವಾ?’

‘ನನ್ನ ಫೀನೂ ಯಾರೋ ಹಂಗ ಕಟ್ಟ್ಯಾರ. ಐದು ವರ್ಷ ಬಾಜೂ ಕೂತಿದ್ದಿ, ನಿನಗ ಗೊತ್ತಾತೇನು?’

ಅಧ್ಯಕ್ಷೆ ನನ್ನ ಸೀರೆಯ ಅಂಚನ್ನು ನೋಡಿದಳು, ಅಲ್ಲಿ ಇನ್ನೂ ಗೆರೆ ಇರಬಹುದೆಂಬಂತೆ. ಆಮೇಲೆ ತಗ್ಗಿದ ದನಿಯಲ್ಲಿ, ‘ನನ್ನ ಸ್ಕರ್ಟಿಗೂ ಇತ್ತಲ್ಲ’ ಎಂದಳು.

‘ನನ್ನದು ಬ್ಯಾರೆ ಕಾಣಬಾರದು ಅಂತನ ಇತ್ತು.’

ಆಗ ನಿಧಿ ಸಮಿತಿಯ ವಕೀಲೆಯೊಬ್ಬಳು ಗಂಟಲು ಸರಿಮಾಡಿಕೊಂಡು, ನಾಲ್ವರಿಗಿಂತ ಇಡೀ ತರಗತಿಯ ಜೊತೆ ತೆಗೆಸಿದ ಫೋಟೋ ಪೇಪರಿನಲ್ಲಿ ಅಗಲವಾಗಿ ಬರುತ್ತದೆ ಎಂದಳು. ಠರಾವು ಪಾಸಾಯಿತು. ಮನಸ್ಸು ಕರಗಿತೋ ಫೋಟೋ ಗೆದ್ದಿತೋ, ನಾನು ಕೆದಕಲು ಹೋಗಲಿಲ್ಲ.

ಸಮಾರಂಭದ ದಿನ ತಿಂಡಿಯ ಮೇಜಿನ ಹಿಂದೆ ನಿಂತು ನೋಡಿದೆ. ಹುಡುಗಿಯರು ಸಾಲಾಗಿ ಬಂದು ಲಕೋಟೆ ತೆಗೆದುಕೊಂಡರು. ಮೂರನೇ ಸಾಲಿನ ಒಂದು ಸ್ಕರ್ಟಿನ ಮೇಲೆ ಸವೆದ ಗೆರೆಯಿತ್ತು. ಅದನ್ನು ತೊಟ್ಟವಳು ಪಕ್ಕದ ಗೆಳತಿಯ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಳು; ಲಕೋಟೆಯನ್ನು ಆಗಲೇ ಮಡಚಿ ಜೇಬಿಗೆ ಹಾಕಿಕೊಂಡಿದ್ದಳು.

ಅಧ್ಯಕ್ಷೆ ಮೆಲ್ಲಗೆ ನನ್ನ ಹತ್ತಿರ ಸರಿದಳು. ‘ಅಲ್ಲ, ನಮ್ಮೊಳಗ ಇರಲಿ. ಅವರೊಳಗ ನಿನ್ನಾಕಿ ಯಾವಾಕಿ?’

ನಾನು ಅವಳ ಕೈಗೆ ತಟ್ಟೆ ಕೊಟ್ಟೆ.

‘ಭಜಿ ಆರತಾವ, ತಗೋ.’