ಶುತೋ ಎಂದರೆ ಸುತ್ತೋ ಅಲ್ಲ

ಕೋಲ್ಕತ್ತದ ಡಮ್ ಡಮ್‌ನ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನ ಮೇಲೆ ಕೆಳಗಿನ ಮನೆಯ ದತ್ತಬಾಬು ಸೇವಂತಿಗೆ ಬೆಳೆಸುತ್ತಾರೆ. ಚಳಿಗಾಲ ಬಂತೆಂದರೆ ಸಾಸಿವೆ ಹಿಂಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಅದು ಚೆನ್ನಾಗಿ ಕೊಳೆತ ಮೇಲೆ ಕುಂಡಗಳಿಗೆ ಹೊಯ್ಯುತ್ತಾರೆ. ಹೂವು ಊಟದ ತಟ್ಟೆಯಷ್ಟು ಅಗಲ ಅರಳುತ್ತದೆ, ಸುಳ್ಳು ಹೇಳಬಾರದು. ಆದರೆ ಆ ವಾಸನೆಗೆ ಮೂಗು ಮುಚ್ಚಿಕೊಂಡರೂ ಸಾಲದು. ಬಟ್ಟೆ ಒಣಹಾಕಲು ಹೋದ ನನ್ನ ಹೆಂಡತಿ ಒದ್ದೆ ಬಟ್ಟೆಯನ್ನು ಹಾಗೇ ವಾಪಸು ತಂದು ಕುರ್ಚಿಗಳ ಮೇಲೆ ಹರವಿದ್ದಾಳೆ. ನಾನು ಮಾತ್ರ ಈ ಭಾನುವಾರದ ಬೆಳಿಗ್ಗೆ ಅದೇ ಬಕೆಟ್ಟಿನಿಂದ ನಾಲ್ಕು ಮಾರು ದೂರದಲ್ಲಿ ಚಾಪೆ ಹಾಸಿಕೊಂಡು ಬಿಸಿಲು ಕಾಯಿಸುತ್ತಿದ್ದೇನೆ. ತಲೆ ಕೆಟ್ಟಿದೆಯೇ ಎಂದು ನೀವು ಕೇಳಬಹುದು. ಕೆಟ್ಟಿಲ್ಲ. ಈ ವಾಸನೆ ಬಂದರೆ ನನಗೆ ಒಂದು ದೋಣಿ ನೆನಪಾಗುತ್ತದೆ, ಅಷ್ಟೆ.

ಅದು ಐಟಿಯ ಭರಾಟೆಯ ಕಾಲ. ದೇಶಕ್ಕೆ ದೇಶವೇ ಬೆಂಗಳೂರಿಗೆ ಬಂದು ಬೀಳುತ್ತಿದ್ದಾಗ ನಮ್ಮ ಕಂಪನಿಯವರು ನನ್ನನ್ನೂ ಶಮೀಮನನ್ನೂ ಬೆಂಗಳೂರಿನಿಂದ ಎತ್ತಿ ಕೋಲ್ಕತ್ತದಲ್ಲಿ ಇಳಿಸಿದ್ದರು. ನಾನು ಮೈಸೂರಿನವನು, ಅವನು ಧಾರವಾಡದವನು. ಅಮೆರಿಕದವರು ಹಗಲು ಕೆಲಸ ಮಾಡುತ್ತಾರಾದ್ದರಿಂದ ನಮಗೆ ರಾತ್ರಿ ಪಾಳಿ. ಮೊದಮೊದಲು ಅದೊಂದು ಹೆಮ್ಮೆಯಾಗಿತ್ತು. ಊರಿಗೆ ಫೋನು ಮಾಡಿದಾಗ ‘ನೈಟ್ ಇದೆ’ ಎಂದು ಗತ್ತಿನಿಂದ ಹೇಳುತ್ತಿದ್ದೆ. ಒಂದು ವರ್ಷವಾಗುವುದರೊಳಗೆ ಗತ್ತು ಇಳಿದು, ಹಲ್ಲುಜ್ಜುವ ಬ್ರಷ್ಷಿಗೆ ಶೇವಿಂಗ್ ಕ್ರೀಮ್ ಹಾಕಿಕೊಳ್ಳುವ ಮಟ್ಟಕ್ಕೆ ಬಂದಿದ್ದೆ. ಅದರ ರುಚಿ ಹೇಗಿರುತ್ತದೆಂದು ಕೇಳಬೇಡಿ. ಬೇಜಾರಿನ ಸಂಗತಿಯೆಂದರೆ, ಉಗುಳಲಿಕ್ಕೂ ಆಗ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಶಮೀಮನ ದಣಿವು ನನ್ನದಕ್ಕಿಂತ ಬೇರೆ. ಅವನಿಗೆ ಆಗಷ್ಟೇ ತೆವಳಲು ಕಲಿತಿದ್ದ ಮಗಳಿದ್ದಳು. ಅವನು ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಮನೆಗೆ ಹೋದರೆ ಆ ಕೂಸು ಕಿಟಾರನೆ ಕಿರುಚಿ ಅಮ್ಮನ ಕುತ್ತಿಗೆಗೆ ಬೀಳುತ್ತಿತ್ತಂತೆ. “ಹಾಲಿನವನ್ನ ಕಂಡ್ರ ನಗತಾಳಲೇ,” ಎಂದು ಕ್ಯಾಂಟೀನಿನಲ್ಲಿ ಒಮ್ಮೆ ಹೇಳಿದ್ದ, “ನನ್ನ ಕಂಡ್ರ ಒಂದ ಸವನ ಅಳತಾಳ. ಅಪ್ಪ ಯಾರು ಅಂತ ಕೇಳಿದ್ರ ಆಕಿ ಹಾಲಿನವನ ಕಡೆ ಬೊಟ್ಟು ಮಾಡತಾಳ ನೋಡು.” ನಾನು ನಕ್ಕೆ. ಅವನು ನಗಲಿಲ್ಲ.

ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್‌ನಿಂದ ಅವನಿಗೆ ಪಾಠ ಹೇಳುವ ಕೆಲಸಕ್ಕೆ ಕರೆ ಬಂದಿತ್ತು. ಬರುತ್ತೀಯೋ ಇಲ್ಲವೋ, ಸೋಮವಾರ ತಿಳಿಸು ಎಂದಿದ್ದರು. ಅವನು ಹೋಗಕೂಡದು ಎಂದು ನಾನು ಪಟ್ಟು ಹಿಡಿದಿದ್ದೆ. ಅವನ ಭವಿಷ್ಯದ ಚಿಂತೆ ಎಂದು ಬಾಯಲ್ಲಿ ಹೇಳುತ್ತಿದ್ದರೂ ನಿಜವಾದ ಕಾರಣ ಬೇರೆ. ಆ ಇಡೀ ಫ್ಲೋರಿನಲ್ಲಿ ನನ್ನ ಜೊತೆ ಕನ್ನಡ ಆಡುವವನು ಅವನೊಬ್ಬನೇ. ಅವನು ಹೋದರೆ ರಾತ್ರಿಯಿಡೀ ಬೈಗುಳವನ್ನೂ ಇಂಗ್ಲಿಷಿನಲ್ಲೇ ಬೈಯಬೇಕು. ಅಷ್ಟು ದೊಡ್ಡ ಊರಿನಲ್ಲಿ ಒಂಟಿಯಾಗಿ ಉಳಿಯಲು ನನಗೆ ಹೆದರಿಕೆಯಾಗುತ್ತಿತ್ತು.

ನಮ್ಮ ಜೊತೆಗೇ ಕೆಲಸ ಮಾಡುತ್ತಿದ್ದ ತಪನ್ ಎಂಬ ಬಂಗಾಳಿ ಗೆಳೆಯ ಇದಕ್ಕೊಂದು ಮದ್ದು ಕಂಡುಹಿಡಿದ. ಮದ್ದೆಂದರೆ ಮೀನು. ಬಂಗಾಳಿಗಳಿಗೆ ನೆಗಡಿಯಿಂದ ಹಿಡಿದು ಮದುವೆಯವರೆಗೆ ಎಲ್ಲಕ್ಕೂ ಮೀನೇ ಮದ್ದು. ಡೈಮಂಡ್ ಹಾರ್ಬರ್‌ಗೆ ಹೋಗಿ, ದೋಣಿ ಗೊತ್ತುಮಾಡಿಕೊಂಡು, ಗಾಳ ಹಾಕಿ ಭೇಟ್ಕಿ ಮೀನು ಹಿಡಿಯೋಣ, ಒಂದು ಭೇಟ್ಕಿ ಸಿಕ್ಕಲಿ, ಆಮೇಲೆ ಶಮೀಮ್ ಈ ಊರು ಬಿಟ್ಟು ಹೋದರೆ ಕೇಳು ಎಂದ. ತಪನನಿಗೆ ನಾವು ಕನ್ನಡ ಕಲಿಸಿದ್ದೆವು. “ಊಟ ಆಯ್ತಾ ಗುರು?” ಎನ್ನುತ್ತಿದ್ದ. ಯಾವ ಹೊತ್ತಿನಲ್ಲೂ ಅದನ್ನೇ ಕೇಳುತ್ತಿದ್ದ ಎನ್ನುವುದು ಬೇರೆ ಮಾತು.

ಶನಿವಾರದ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಸಿಯಾಲ್ದಾ ನಿಲ್ದಾಣಕ್ಕೆ ಹೋಗಿ ಲೋಕಲ್ ಹತ್ತಿದೆವು. ನಾನು ಹುಟ್ಟಾ ಸಸ್ಯಾಹಾರಿ. ಮೀನನ್ನು ಅಲ್ಲಿಯವರೆಗೆ ಅಕ್ವೇರಿಯಮ್ಮಿನಲ್ಲಿ ಮಾತ್ರ ನೋಡಿದ್ದೆ. ಶಮೀಮನಿಗೆ ಮಟನ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ತಪನ್ ಒಬ್ಬನೇ ನಮ್ಮ ತಜ್ಞ. ಅವನ ಚೀಲ ತೆರೆದಾಗ ಗಾಳದ ಕೋಲಿನ ಜೊತೆ ಕೊಳೆಸಿದ ಸಾಸಿವೆ ಹಿಂಡಿಯ ಉಂಡೆಗಳೂ ಇದ್ದವು. ಬೋಗಿಯಲ್ಲಿ ನಮ್ಮ ಸುತ್ತ ಧಾರಾಳವಾಗಿ ಜಾಗವಾಯಿತು. ಡೈಮಂಡ್ ಹಾರ್ಬರ್‌ನಲ್ಲಿ ಗೊತ್ತುಮಾಡಿಕೊಂಡ ದೋಣಿಯವನು ಆ ಉಂಡೆಗಳನ್ನು ಮೂಸಿ ನೋಡಿ, ಇದು ಕೆರೆಯ ರೋಹು ಮೀನಿಗೆ ಹಾಕುವ ಮೇವು, ಭೇಟ್ಕಿಗೆ ಜೀವಂತ ಸಿಗಡಿ ಬೇಕು ಎಂದು ತನ್ನ ಡಬ್ಬಿಯಿಂದಲೇ ಒಂದಿಷ್ಟು ತೆಗೆದುಕೊಟ್ಟ. ತಪನ್ ಜೀವಮಾನದಲ್ಲಿ ಗಾಳ ಹಾಕಿದ್ದು ಅವನ ಸೋದರಮಾವನ ಮನೆಯ ಹಿಂದಿನ ಕೆರೆಯಲ್ಲಿ ಮಾತ್ರ ಎನ್ನುವುದು ಹೀಗೆ ಬಯಲಾಯಿತು.

ಅಲ್ಲಿ ಗಂಗೆಯ ಆಚೆ ದಡ ಮಂಜಿನಲ್ಲಿ ಕಾಣಿಸುವುದೇ ಇಲ್ಲ. ಖಿದಿರ್‌ಪುರದ ಹಡಗುಕಟ್ಟೆಗೆ ಹೋಗುವ ಹಡಗುಗಳು ನಿಧಾನವಾಗಿ ನಮ್ಮ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ನಿದ್ದೆಗೆಟ್ಟ ಕಣ್ಣಿಗೆ ನೀರಿನ ಮೇಲಿನ ಬಿಸಿಲು ಚುಚ್ಚುತ್ತಿತ್ತು. ಗಂಟೆಗಟ್ಟಲೆ ಏನೂ ಆಗಲಿಲ್ಲ. ನಾನು ರೈಲಿನಲ್ಲೇ ಭಾಷಣ ತಯಾರು ಮಾಡಿಕೊಂಡಿದ್ದೆ: ಪ್ರಮೋಷನ್ನು, ಮುಂದಿನ ಪ್ರಾಜೆಕ್ಟು, ಸ್ವಲ್ಪ ದಿನ ತಡೆದರೆ ಹಗಲು ಪಾಳಿ. ಒಂದು ಮೀನು ಸಿಗಲಿ, ಅವನ ಮುಖ ಅರಳಲಿ, ಆಗ ಶುರು ಮಾಡೋಣ ಎಂದು ಕಾಯುತ್ತಿದ್ದೆ. ಮೀನಿಗಾಗಿ ಅಷ್ಟು ಭಕ್ತಿಯಿಂದ ಕಾದ ಸಸ್ಯಾಹಾರಿ ಇನ್ನೊಬ್ಬನಿರಲಾರ.

ಮಧ್ಯಾಹ್ನ ಶಮೀಮನ ಕೈಯಲ್ಲಿದ್ದ ಕೋಲು ಇದ್ದಕ್ಕಿದ್ದಂತೆ ಬಿಲ್ಲಾಯಿತು. ಒಂದು ಭೇಟ್ಕಿ ದೋಣಿಯಿಂದ ಸ್ವಲ್ಪ ದೂರದಲ್ಲಿ ನೀರಿನಿಂದ ಮೇಲೆದ್ದು, ಬೆಳ್ಳಗೆ ಹೊಳೆದು, ಮತ್ತೆ ಬಿತ್ತು. ಒಂದು ಕ್ಷಣ ಅಷ್ಟೆ. ಶಮೀಮನ ಮುಖ ನೋಡಬೇಕಿತ್ತು! ಎಷ್ಟೋ ತಿಂಗಳ ನಿದ್ದೆ ಒಟ್ಟಿಗೆ ಹಾರಿಹೋದ ಮುಖ. ದೋಣಿಯ ಆ ತುದಿಯಲ್ಲಿದ್ದ ತಪನ್ ಎದ್ದು ನಿಂತು ಕೂಗಿದ: “ಶುತೋ! ಶುತೋ!”

ಇಲ್ಲಿ ಒಂದು ಮಾತು ಹೇಳಬೇಕು. ಬಂಗಾಳಿಗಳ ಬಾಯಲ್ಲಿ ‘ಸ’ ಎಲ್ಲವೂ ‘ಶ’. ಸರಸ್ವತಿ ಅವರಿಗೆ ಶೊರೊಶ್ಶೊತಿ, ಸೋಮವಾರ ಶೋಮ್‌ಬಾರ್. ಆದ್ದರಿಂದ ‘ಶ’ ಕೇಳಿದ ಕಡೆಯಲ್ಲೆಲ್ಲ ‘ಸ’ ಹಾಕಿಕೊಳ್ಳುವುದು ನಮ್ಮಿಬ್ಬರ ಕಿವಿಗೂ ಅಭ್ಯಾಸವಾಗಿಬಿಟ್ಟಿತ್ತು. ತಪನ್ ನಮ್ಮ ಮೇಲಿನ ಪ್ರೀತಿಗೆ ಅಚ್ಚ ಕನ್ನಡದಲ್ಲಿ ‘ಸುತ್ತೋ’ ಎನ್ನುತ್ತಿದ್ದಾನೆ ಎಂದುಕೊಂಡೆವು! ನಾನೂ ದನಿಗೂಡಿಸಿದೆ: “ಸುತ್ತೋ, ಶಮೀಮ್! ಬಿಡಬೇಡ ಕಣೋ, ಸುತ್ತು!” ಶಮೀಮ್ ಹಲ್ಲು ಕಚ್ಚಿ ಕೋಲಿನಲ್ಲಿದ್ದ ರಾಟೆಯನ್ನು ಸುತ್ತಿದ. ತಪನ್ ಇನ್ನೂ ಜೋರಾಗಿ “ಶುತೋ!” ಎಂದ. ಇವನು ಇನ್ನೂ ಜೋರಾಗಿ ಸುತ್ತಿದ. ಫಟ್ಟೆಂದು ನೂಲು ಹರಿಯಿತು.

ಬಂಗಾಳಿಯಲ್ಲಿ ಶುತೋ ಎಂದರೆ ನೂಲು. ಅವನು ಕೂಗಿದ್ದು “ಶುತೋ ಛಾಡೋ,” ನೂಲು ಬಿಡು, ಮೀನು ಎಳೆದಷ್ಟೂ ಬಿಟ್ಟುಕೊಡು ಎಂದು. ‘ಛಾಡೋ’ ಅನ್ನುವುದನ್ನು ಪಕ್ಕದಲ್ಲಿ ಹೋಗುತ್ತಿದ್ದ ಹಡಗಿನ ಹಾರನ್ನು ನುಂಗಿತ್ತು.

ವಿಷಯ ತಿಳಿದ ಮೇಲೆ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ತಪನ್ ಹಲಗೆಯ ಮೇಲೆ ಉರುಳಾಡಿದ. ದೋಣಿಯವನು ಏನೂ ಅರ್ಥವಾಗದೆ ಬೀಡಿ ಹಚ್ಚಿದ. ನಗು ನಿಂತರೂ ಶಮೀಮನ ಕಣ್ಣಿನಿಂದ ನೀರು ಇಳಿಯುವುದು ನಿಲ್ಲಲಿಲ್ಲ. ಅದು ನಗುವಿನ ನೀರಲ್ಲ ಎಂದು ನಮಗೆ ಸ್ವಲ್ಪ ತಡವಾಗಿ ತಿಳಿಯಿತು. ತಪನ್ ಮೆಲ್ಲಗೆ ಎದ್ದು ಕುಳಿತು, ತನಗೆ ಬರುತ್ತಿದ್ದ ಕನ್ನಡದಲ್ಲೇ ಕೇಳಿದ: “ಊಟ ಆಯ್ತಾ ಗುರು?”

ಶಮೀಮ್ ಇಲ್ಲವೆಂದು ತಲೆ ಅಲ್ಲಾಡಿಸಿದ. ತಂದಿದ್ದ ಲೂಚಿ ಎನ್ನುವ ಮೈದಾ ಪೂರಿ, ಆಲೂ ಪಲ್ಯ ಬಿಚ್ಚಿ ತಿಂದೆವು. ಭಾಷಣಕ್ಕೆ ಅದು ಹೊತ್ತಲ್ಲ ಎಂದು ನಾನು ಇನ್ನೊಂದು ಲೂಚಿ ಎತ್ತಿಕೊಂಡೆ.

ವಾಪಸು ಬರುವಾಗ ತಪನ್ ಬಾಲಿಗಂಜಿನಲ್ಲಿ ಇಳಿದುಕೊಂಡ. ಉಳಿದವರು ನಾವಿಬ್ಬರೇ. ಈಗ ಹೇಳಿಬಿಡೋಣ ಎಂದು ತಿರುಗಿದರೆ ಶಮೀಮ್ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು. ಜೊಲ್ಲು ನನ್ನ ಅಂಗಿಗೆ ಇಳಿಯುತ್ತಿತ್ತು. ಸಿಯಾಲ್ದಾ ಬಂತು. ಬೋಗಿ ಖಾಲಿಯಾಯಿತು. ಎಬ್ಬಿಸಲೆಂದು ಕೈಯೆತ್ತಿದೆ. ಅಷ್ಟು ಹತ್ತಿರದಿಂದ ಅವನ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಣ್ಣ ಕೆಳಗೆ ಇದ್ದಿಲು ತೀಡಿದಂತಿತ್ತು. ಕೈ ಇಳಿಸಿದೆ. ಮತ್ತೆ ಜನ ಹತ್ತಿದರು, ಕಡಲೆಕಾಯಿಯವನು ಹತ್ತಿದ, ಅದೇ ರೈಲು ತಿರುಗಿ ದಕ್ಷಿಣಕ್ಕೆ ಹೊರಟಿತು, ನಮ್ಮನ್ನೂ ಹೊತ್ತುಕೊಂಡು.

ಎಷ್ಟೋ ನಿಲ್ದಾಣಗಳಾದ ಮೇಲೆ ಅವನಿಗೆ ಎಚ್ಚರವಾಯಿತು. “ಎಲ್ಲದೀವೋ?” ಎಂದ.

“ಮತ್ತೆ ಡೈಮಂಡ್ ಹಾರ್ಬರ್ ಕಡೆಗೆ ಹೋಗ್ತಿದ್ದೀವಿ.”

“ಎಬ್ಬಿಸಬಾರದೇನಲೇ, ಹುಚ್ಚ?”

“ಶಮೀಮ್, ನಾಳೆ ಹೇಳಿಬಿಡು ಅವರಿಗೆ, ಬರ್ತೀನಿ ಅಂತ. ನೀನು ಹೋಗಪ್ಪ.”

ಅವನು ನನ್ನ ಮುಖ ನೋಡಿದ. “ನೀ ಏನ್ ಮಾಡ್ತಿ?”

“ನಾನು ಇರ್ತೀನಿ ಕಣೋ,” ಎಂದೆ. ಅವನು ತಲೆಯನ್ನು ಪುನಃ ನನ್ನ ಹೆಗಲ ಮೇಲಿಟ್ಟ.

ಅವನು ಹೋದ. ನಾನು ಇದ್ದೆ, ಇದ್ದೇ ಇದ್ದೇನೆ. ಪಾಳಿಗಳು ಬದಲಾದವು, ಕಂಪನಿಗಳು ಬದಲಾದವು, ದಣಿವು ಮಾತ್ರ ನಿಷ್ಠೆಯಿಂದ ಜೊತೆಗಿದೆ. ಅವತ್ತು ಅವನಿಗೆ ಹೋಗು ಎಂದವನು ನನಗೆ ನಾನೇ ಒಂದು ದಿನವಾದರೂ ಸಾಕು ಎಂದು ಹೇಳಿಕೊಂಡದ್ದಿಲ್ಲ. ಈ ಬಿಸಿಲಿನಲ್ಲಿ ಕುಳಿತು ಲೆಕ್ಕ ಹಾಕಿದರೆ ಅದೇ ನನಗೆ ಸೋಜಿಗ.

ಮೆಟ್ಟಿಲ ಮೇಲೆ ಹೆಂಡತಿಯ ದನಿ. ಮೂಗಿಗೆ ಸೆರಗು ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ನನ್ನ ಫೋನು. “ರೀ, ನಿಮ್ಮ ಆಫೀಸಿಂದ. ಏನೋ ಅರ್ಜೆಂಟಂತೆ.”

“ಮಲಗಿದ್ದಾರೆ ಅಂತ ಹೇಳು.”

“ಕೂತಿದ್ದೀರಲ್ಲ!”

“ಈಗ ಮಲಗ್ತೀನಿ,” ಎಂದೆ. ಚಾಪೆಯ ಮೇಲೆ ಉದ್ದಕ್ಕೆ ಚಾಚಿ ಕಣ್ಣು ಮುಚ್ಚಿಕೊಂಡೆ. ಆಮೇಲೆ ಅವಳು ಫೋನಿನಲ್ಲಿ, ತನ್ನ ಹರಕು ಬಂಗಾಳಿಯಲ್ಲಿ, ದನಿ ತಗ್ಗಿಸಿ, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ, ಹೇಳುವುದು ಕೇಳಿಸಿತು: “ಎಬ್ಬಿಸೋಕಾಗಲ್ಲ. ತುಂಬಾ ಸುಸ್ತಾಗಿದ್ದಾರೆ.”