ಕುಣಿಗಲ್ಲಿನ ಖಾಲಿ ಮಹಡಿ

ನನಗೆ ಕೆಲಸ ಸಿಕ್ಕಿತು ಎಂದಾಗ ಹೆಬ್ಬೂರಿನ ನಮ್ಮ ಮನೆಯಲ್ಲಿ ಯಾರೂ ಸಂಬಳ ಎಷ್ಟು ಎಂದು ಕೇಳಲಿಲ್ಲ. "ಅಸೆಟ್ ಮ್ಯಾನೇಜರ್ ಅಂದ್ರೆ ಏನೇ ಅದು? ಬ್ರೋಕರಾ?" ಎಂದು ಅಮ್ಮ ಹಾಲಿನ ಕ್ಯಾನ್ ತೊಳೆಯುತ್ತಲೇ ಕೇಳಿದಳು. ಬ್ರೋಕರ್ ಅಲ್ಲ ಕಣಮ್ಮ, ಕಾಂಪ್ಲೆಕ್ಸು, ಗೋಡೌನು ಕಟ್ಟಿಸಿದವರ ಪರವಾಗಿ ನಾವು ಅದನ್ನೆಲ್ಲ ನೋಡಿಕೊಳ್ಳುತ್ತೇವೆ, ಬಾಡಿಗೆಗೆ ಜನ ಹುಡುಕುತ್ತೇವೆ, ಅಗ್ರಿಮೆಂಟ್ ಮಾಡಿಸುತ್ತೇವೆ, ತಾರಸಿ ಸೋರಿದರೆ ಸರಿ ಮಾಡಿಸುತ್ತೇವೆ, ಕಟ್ಟಡದ ಬೆಲೆ ಬೀಳದ ಹಾಗೆ ಕಾಯುತ್ತೇವೆ ಎಂದೆಲ್ಲ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಹಂಗಾದ್ರೆ ವಾಚ್‌ಮನ್ನು ಅನ್ನು. ಎಂಬಿಎ ಮಾಡ್ಕಂಡು ವಾಚ್‌ಮನ್ನು!" ಎಂದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಈ ಕೆಲಸವನ್ನು ಅದಕ್ಕಿಂತ ಚಿಕ್ಕದಾಗಿ ವಿವರಿಸಲು ಇವತ್ತಿಗೂ ನನಗೆ ಬಂದಿಲ್ಲ.

ನಮ್ಮ ಆಫೀಸು ತುಮಕೂರಿನಲ್ಲಿ. ನಾಲ್ಕೇ ಜನ, ಹೆಂಗಸು ನಾನೊಬ್ಬಳೇ. ಆರು ತಿಂಗಳು ಕೆಲಸ ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದಿದ್ದರು. ನನ್ನ ಪಾಲಿಗೆ ಎರಡು ಕಟ್ಟಡ ಬಂದವು. ಒಂದು ಗುಬ್ಬಿಯ ಗೋಡೌನು. ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದಾಗಿನಿಂದ ಅದರ ಮಾಲೀಕರು ಸಿಕ್ಕವರ ಹತ್ತಿರವೆಲ್ಲ ಬಾಡಿಗೆಯನ್ನು ಆಕಾಶದಲ್ಲಿಟ್ಟೇ ಮಾತಾಡುತ್ತಿದ್ದರು, ಆದರೂ ಅದು ಹೇಗೋ ತುಂಬಿತ್ತು. ಇನ್ನೊಂದು ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರದ ಕಾಂಪ್ಲೆಕ್ಸ್. ಕೆಳಗೆ ಬೇಕರಿ, ಮೊಬೈಲ್ ಅಂಗಡಿ, ಮೆಡಿಕಲ್ ಸ್ಟೋರ್. ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಹಾಲ್, ಎರಡು ವರ್ಷದಿಂದ ಖಾಲಿ. ಮಾಲೀಕರು ಬಟ್ಟೆ ವ್ಯಾಪಾರ ಮಾಡಿ ವಯಸ್ಸಾದ ಮೇಲೆ ಅಂಗಡಿಯನ್ನು ಮಗನಿಗೆ ವಹಿಸಿದ್ದ ಸಾಹೇಬರು. ಮೊದಲ ಭೇಟಿಯಲ್ಲೇ ಅವರು, "ನೋಡಮ್ಮ, ದೀಪಾವಳಿ ಒಳಗೆ ಮೇಲ್ಗಡೆ ತುಂಬ್ಬೇಕು. ಇಲ್ಲಾಂದ್ರೆ ನಿಮ್ ಆಫೀಸ್ ಸಾವಾಸ ಸಾಕು, ನಾನೇ ನೋಡ್ಕೊತೀನಿ," ಎಂದರು. ಆಫೀಸಿಗೆ ಬಂದು ಹೇಳಿದರೆ ನಮ್ಮ ಬಾಸು, "ಆ ಕಟ್ಟಡ ಕೈಬಿಟ್ರೆ ನಿನ್ನ ಇಟ್ಕೊಳ್ಳೋದು ಕಷ್ಟ ಕಣಮ್ಮ," ಎಂದುಬಿಟ್ಟರು. ಅಲ್ಲಿಗೆ ಆ ಖಾಲಿ ಹಾಲೇ ನನ್ನ ನೌಕರಿಯಾಯಿತು.

ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಪ್ರಯೋಗ ಮಾಡಿದೆ. ಬಣ್ಣ ಹೊಡೆಸಿದೆ, ಮೆಟ್ಟಿಲಿಗೆ ಲೈಟು ಹಾಕಿಸಿದೆ, ಬಸ್ಸಿನಿಂದ ಇಳಿದವರಿಗೆಲ್ಲ ಕಾಣುವ ಹಾಗೆ ಫ್ಲೆಕ್ಸ್ ಕಟ್ಟಿಸಿದೆ. ಜನ ಬಂದರು, ನೋಡಿದರು, ಹೋದರು. ಹಲ್ಲಿನ ಡಾಕ್ಟರಮ್ಮ ಒಬ್ಬರು ಬಂದಿದ್ದರು. ಮನೆಯಲ್ಲೇ ಹೊಲಿಗೆ ಕ್ಲಾಸ್ ನಡೆಸುತ್ತಿದ್ದ ಟೀಚರ್ ಒಬ್ಬರು ಬಂದರು. ಅವರಂತೂ ಕಿಟಕಿಯ ಬೆಳಕು ಕಂಡು ಖುಷಿಯಾಗಿ, ಮಿಷನ್‌ಗಳನ್ನು ಎಲ್ಲೆಲ್ಲಿ ಇಡಬೇಕೆಂದು ಹೆಜ್ಜೆ ಹಾಕಿ ಅಳತೆ ಮಾಡಿದರು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಇಳಿಯುವಾಗ ಅವರು ಮೆಟ್ಟಿಲ ಪಕ್ಕ ಆ ಕಡೆ ಈ ಕಡೆ ನೋಡಿದರು, ಏನೋ ಕೇಳಲು ಹೊರಟು ಸುಮ್ಮನಾದರು. "ಹೇಳ್ತೀನಮ್ಮ," ಎಂದು ಹೋದವರು ಫೋನೇ ಎತ್ತಲಿಲ್ಲ. ಡಾಕ್ಟರಮ್ಮನದೂ ಅದೇ ಕಥೆ. ನಾನು ಬಾಡಿಗೆಯನ್ನು ಬೈದೆ, ವಾಸ್ತುವನ್ನು ಬೈದೆ, ಇಡೀ ಕುಣಿಗಲ್ಲನ್ನೇ ಬೈದೆ. ರಿಪೋರ್ಟಿನಲ್ಲಿ ಮಾತ್ರ "ಬೇಡಿಕೆ ಕಡಿಮೆ" ಎಂದು ಗಂಭೀರವಾಗಿ ಬರೆದೆ.

ಈ ನಡುವೆ ನನಗೆ ಜ್ವರ ಬಂತು. ಚಳಿ, ಹೊಟ್ಟೆ ಕೆಳಗೆ ನೋವು, ಉರಿ. ತುಮಕೂರಿನ ಲೇಡಿ ಡಾಕ್ಟರು ಪರೀಕ್ಷೆ ಮಾಡಿಸಿ, ಉರಿಮೂತ್ರ ಎಂದರು. "ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ?" ಎಂದು ಕೇಳಿದರು. ಎಂಟು ಗಂಟೆಗೆ ಬಸ್ ಹತ್ತಿದರೆ ಸಂಜೆ ಮನೆಗೆ ಬರುವವರೆಗೆ ಎರಡು ಗುಟುಕು ಎಂದೆ. "ಯಾಕೆ?" ಎಂದರು. ಕೆಲಸದ ಜಾಗದಲ್ಲಿ ಹೋಗಲು ಜಾಗವಿಲ್ಲ ಎಂದೆ. "ಏನು ಕೆಲಸ?" ಎಂದರು. ಕಟ್ಟಡಗಳಲ್ಲಿ ಎಲ್ಲ ಸರಿಯಾಗಿದೆಯಾ ಅಂತ ನೋಡೋ ಕೆಲಸ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು.

ಯಾಕೆಂದರೆ ನಮ್ಮ ತಪಾಸಣೆ ಫಾರಂನಲ್ಲಿ ಅದಕ್ಕೂ ಒಂದು ಕಾಲಂ ಇತ್ತು. ಟಾಯ್ಲೆಟ್: ಇದೆ, ಇಲ್ಲ. ಪ್ರತಿ ತಿಂಗಳೂ ನಾನೇ ಕೈಯಾರೆ "ಇದೆ" ಎಂದು ಟಿಕ್ ಹಾಕಿದ್ದೆ. ಸುಳ್ಳೂ ಅಲ್ಲ. ಕುಣಿಗಲ್ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗೆ ಬಾಗಿಲಿತ್ತು, ಬಾಗಿಲ ಹಿಂದೆ ಟಾಯ್ಲೆಟ್ ಇತ್ತು. ಬಾಗಿಲಿಗೆ ಬೇಕರಿಯವರ ಬೀಗವಿತ್ತು, ಒಳಗೆ ಅವರ ಮೊಟ್ಟೆ ಟ್ರೇಗಳು ಸೂರಿನವರೆಗೆ ಇದ್ದವು. ಅದು ಗೊತ್ತಿದ್ದೇ ನೀರು ಕುಡಿಯದೆ ಓಡಾಡಿದ್ದೆ. ಹೊಲಿಗೆ ಟೀಚರ್ ಇಳಿಯುವಾಗ ಏನು ಹುಡುಕಿದರು ಎಂದು ಆಗ ಹೊಳೆಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ತಲೆ ಚಚ್ಚಿಕೊಂಡೆ.

ಬಾಸಿಗೆ ಹೇಳಿದೆ. ಅವರು ಮುಖ ಆ ಕಡೆ ತಿರುಗಿಸಿ, "ಪಕ್ಕದ ಹೋಟ್ಲಲ್ಲಿ ಕೇಳಿದ್ರೆ ಬಿಡಲ್ವೇನಮ್ಮ?" ಎಂದರು.

"ಕಾಫಿ ಕುಡಿದ್ರೆ ಬಿಡ್ತಾರೆ ಸಾರ್. ಕಾಫಿ ಕುಡಿದ್ರೆ ಮತ್ತೆ ಹೋಗ್ಬೇಕಾಗುತ್ತೆ," ಎಂದೆ.

ಪಕ್ಕದ ಟೇಬಲ್ಲಿನವರು ಕಿಸಕ್ಕೆಂದರು. ಬಾಸೂ ನಕ್ಕು, "ಹೋಗು ತಾಯಿ, ಮಾತಾಡ್ಕೊಂಡ್ ಬಾ," ಎಂದರು.

ಬೇಕರಿಯವರು ಒಳ್ಳೆಯವರೇ, ಹೋದಾಗಲೆಲ್ಲ ಬೆಣ್ಣೆ ಬಿಸ್ಕತ್ತು ಕೊಡುತ್ತಿದ್ದರು. ಬೀಗ ತೆಗೆಯಿರಿ ಎಂದ ತಕ್ಷಣ ಮಾತ್ರ ಬೇರೆಯೇ ಆಸಾಮಿಯಾದರು.

"ಮ್ಯಾಲ್ಗಡೆ ನರಪಿಳ್ಳೆ ಇಲ್ಲ ಮೇಡಂ. ಯಾರಿಗ್ ಬೇಕು ಅದು?"

"ಅದಿಲ್ಲ ಅಂತ್ಲೇ ಮೇಲ್ಗಡೆ ಯಾರೂ ಬರ್ತಿಲ್ಲ ಕಣ್ರೀ!" ಎಂದು ನಾನು ಎತ್ತರಿಸಿದ ದನಿಗೆ ಮೆಡಿಕಲ್ ಸ್ಟೋರಿನವರು ಹೊರಗೆ ಬಂದು ನೋಡಿದರು.

ಜಗಳ ಸಾಹೇಬರವರೆಗೆ ಹೋಯಿತು. ಅವರ ಮನೆಯ ಹಜಾರದಲ್ಲಿ ಕೂತು, ನೆಲ ನೋಡುತ್ತ, ವಿಷಯ ಹೇಳಿದೆ. ತಾತನ ವಯಸ್ಸಿನವರ ಎದುರು ಹೆಣ್ಣುಮಗಳು ಆಡುವ ಮಾತೇ ಅದು ಎನ್ನಿಸಿ ಕಿವಿ ಬಿಸಿಯಾಗಿತ್ತು. ಸಾಹೇಬರು ಗಡ್ಡ ನೀವಿಕೊಂಡರು. ಒಳಗಿನಿಂದ ಚಹಾ ತಂದ ಅವರ ಹೆಂಡತಿ ಮಾತ್ರ ನಿಂತಲ್ಲೇ ಹೇಳಿದರು: "ಕಟ್ಟೋವಾಗ್ಲೇ ಹೇಳಿದ್ದೆ ನಾನು, ಹೆಂಗಸ್ರಿಗೆ ಬೇರೆ ಒಂದು ಮಾಡ್ಸಿ ಅಂತ. ಇವ್ರ್ ಕೇಳಿದ್ರಾ ಕೇಳಮ್ಮ." ಸಾಹೇಬರು ಚಹಾ ಕಡೆ ನೋಡುತ್ತ, "ಆಯ್ತು, ಈಗ ಕೇಳ್ದೆ ಬುಡು," ಎಂದರು. ಅವತ್ತೇ ಬೇಕರಿಗೆ ಫೋನ್ ಹೋಯಿತು.

ಮೊಟ್ಟೆ ಟ್ರೇಗಳಿಗೆ ತಾರಸಿ ಮೇಲೆ ಶೀಟು ಹಾಕಿಸಿ ಜಾಗ ಮಾಡಿಕೊಟ್ಟೆವು. ಮೆಟ್ಟಿಲ ಕೆಳಗಿನದನ್ನು ಗಂಡಸರಿಗೆ ಬಿಟ್ಟು, ಮೇಲೆ ಹಾಲಿಗೆ ಸೇರಿದಂತೆ ಹೆಂಗಸರಿಗೆ ಹೊಸದೊಂದು ಕಟ್ಟಿಸಿದೆವು. ಟೈಲ್ಸು, ನಲ್ಲಿ, ಬಕೆಟ್ಟು, ಮಗ್ಗು, ಬ್ಯಾಗು ತೂಗುಹಾಕಲು ಮೊಳೆ, ಒಳಗಿನಿಂದ ಗಟ್ಟಿ ಚಿಲಕ, ಎಲ್ಲ ನಾನೇ ನಿಂತು ಹಾಕಿಸಿದೆ. ಆ ಚಿಲಕಕ್ಕಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಗಂಟೆ ತಲೆ ತಿಂದಿದ್ದೆ.

ದೀಪಾವಳಿಗೆ ಇನ್ನು ಎಂಟು ದಿನ ಇತ್ತು. ಹೊಲಿಗೆ ಟೀಚರ್ ಮನೆಗೇ ಹೋಗಿ, ಇನ್ನೊಂದು ಸಲ ಬಂದು ನೋಡಿ ಎಂದು ಕರೆತಂದೆ. ಈ ಸಲ ಅವರು ಕಿಟಕಿಯ ಕಡೆಗೇ ಹೋಗಲಿಲ್ಲ. ಸೀದಾ ಹೊಸ ಬಾಗಿಲು ತೆಗೆದು ಒಳಗೆ ಹೋದರು. ಚಿಲಕ ಹಾಕಿದ ಸದ್ದಾಯಿತು. ನೀರು ಬಿಟ್ಟ ಸದ್ದಾಯಿತು. ನಾನು ಹೊರಗೆ ಪರೀಕ್ಷೆಯ ರಿಸಲ್ಟಿಗೆ ಕಾಯುವವಳಂತೆ ನಿಂತಿದ್ದೆ.

ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ನನ್ ಹತ್ರ ಹೆಣ್ಮಕ್ಳು ಬೆಳಿಗ್ಗೆಯಿಂದ ಸಂಜೆಗಂಟ ಕೂತು ಹೊಲೀತವೆ ಕಣಮ್ಮ. ಅವತ್ತು ಕೇಳಕ್ಕೆ ನಾಚ್ಕೆ ಆಯ್ತು," ಎಂದರು. ಆಮೇಲೆ, "ಅಗ್ರಿಮೆಂಟ್ ಎಲ್ಲಿ?" ಎಂದರು.

ಸಹಿ ಮಾಡಿ ಅವರು ಮೆಟ್ಟಿಲಿಳಿದು ಹೋದರು. ನಾನು ಫಾರಂ ತೆಗೆದು "ಇದೆ" ಎಂಬಲ್ಲಿ ಟಿಕ್ ಹಾಕಿದೆ. ಅಮ್ಮ ಬೆಳಿಗ್ಗೆ ಬ್ಯಾಗಿಗೆ ತುರುಕಿದ್ದ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಕುಣಿಗಲ್ಲಿನ ನಡುಮಧ್ಯಾಹ್ನದಲ್ಲಿ, ಆ ಖಾಲಿ ಹಾಲಿನ ಕಿಟಕಿಯ ಹತ್ತಿರ ಕೂತು, ಪೂರ್ತಿ ಕುಡಿದೆ.